ಕಡವಿನ ಕಾನೂನು ಉಪವಾಸ ಕೂತದ್ದು

ಮೂಡಬಿದ್ರೆಯ ವೃಷಭರಾಜರಿಗೆ ಪದಗಳ ಹುಚ್ಚು. ಮಂಗಳೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತೊಂಬತ್ತು ವರ್ಷ ತರ್ಜುಮೆದಾರರಾಗಿದ್ದವರು. ಇಂಗ್ಲಿಷಿನ ಹುಕುಂಗಳನ್ನು ಕನ್ನಡಕ್ಕೆ ಇಳಿಸಿ ಇಳಿಸಿ, ನಿವೃತ್ತರಾಗಿ ಊರು ಸೇರಿದ ಮೇಲೂ ಯಾವುದಾದರೂ ಒಂದು ಪದ ಅವರ ಬಾಯಲ್ಲಿ ಕಲ್ಲುಸಕ್ಕರೆಯ ಹಾಗೆ ಕರಗುತ್ತಲೇ ಇರುತ್ತಿತ್ತು. ಬೆಳಗ್ಗೆ ಬಸದಿಗೆ ಹೋಗಿ ಬಂದು ಜಗಲಿಯ ಬೆಂಚಿನಲ್ಲಿ ಕುಳಿತರೆಂದರೆ ಕಣ್ಣು ಅರೆ ಮುಚ್ಚಿರುತ್ತಿತ್ತು, ತುಟಿ ಸಣ್ಣಗೆ ಅಲುಗುತ್ತಿತ್ತು. ಜಪ ಮಾಡುತ್ತಿದ್ದಾರೆಂದು ದಾರಿಹೋಕರು ತಿಳಿಯುತ್ತಿದ್ದರು. ಅದು ಜಪವಲ್ಲವೆಂದು ಗೊತ್ತಿದ್ದದ್ದು ಮನೋರಮಕ್ಕನಿಗೆ ಮಾತ್ರ. ಅವರು ವೃಷಭರಾಜರ ಅಕ್ಕ. ಗಂಡ ತೀರಿದ ಮೇಲೆ ತಮ್ಮನ ಜೊತೆಗೇ ಇದ್ದವರು. ವೃಷಭರಾಜರು ಮದುವೆಯ ಗೊಡವೆಗೆ ಹೋದವರಲ್ಲ.

ಅರವತ್ತಮೂರನೆಯ ಇಸವಿಯ ಕೊನೆಗೆ ಬೆಂಗಳೂರಿನಿಂದ ಒಂದು ದಪ್ಪ ಲಕೋಟೆ ಬಂತು. ಹೊಸ ರಾಜ್ಯದಲ್ಲಿ ಕಾನೂನುಗಳೆಲ್ಲ ಕನ್ನಡಕ್ಕೆ ಬರಬೇಕು, ಅದಕ್ಕೆ ಪದಗಳು ಬೇಕು, ಜಿಲ್ಲೆಯ ಅನುಭವಸ್ಥರು ಸಹಾಯ ಮಾಡಬೇಕು ಎಂದು ಯಾವುದೋ ಸಮಿತಿಯವರು ಬರೆದಿದ್ದರು. ಜೊತೆಗೆ ‘ಎ’ ಅಕ್ಷರದ ನಲವತ್ತು ಇಂಗ್ಲಿಷ್ ಪದಗಳ ಪಟ್ಟಿ. ಪ್ರತಿಯೊಂದರ ಎದುರು ಕನ್ನಡ ಪದ, ಅರ್ಥ, ಒಂದು ಪ್ರಯೋಗ ಬರೆಯಬೇಕು. ಪ್ರಯೋಗವು ಮನಸ್ಸಿನಿಂದ ಕಟ್ಟಿದ್ದಾಗಿರದೆ ನಿಜವಾಗಿ ಬಳಕೆಯಾದದ್ದಾಗಿರಬೇಕು ಎಂದು ಕೆಳಗೆ ಗೆರೆ ಎಳೆದು ಹೇಳಿದ್ದರು.

ಹದಿನೈದು ದಿನಗಳಲ್ಲಿ ಮೂವತ್ತೊಂಬತ್ತು ಪದಗಳು ಮುಗಿದವು. ಉಳಿದದ್ದು ‘ಅಬ್ರೊಗೇಟ್’. ಕಾನೂನನ್ನು ಕಾನೂನಿನ ಅಧಿಕಾರದಿಂದಲೇ ಇಲ್ಲವಾಗಿಸುವುದು. ಅದು ಗೊತ್ತಿಲ್ಲದೆ ಉಳಿದದ್ದಲ್ಲ. ಊಟದ ಕೊನೆಗೆಂದು ಪಾಯಸವನ್ನು ಇಟ್ಟುಕೊಳ್ಳುವ ಹಾಗೆ ಅವರೇ ಉಳಿಸಿಕೊಂಡಿದ್ದರು. ‘ನಿರಸನಗೊಳಿಸು’. ಹನ್ನೊಂದು ವರ್ಷಗಳ ಹಿಂದೆ, ಫರಂಗಿಪೇಟೆಯ ಹತ್ತಿರ ದೋಣಿಯಲ್ಲಿ ನೇತ್ರಾವತಿ ದಾಟುವ ಒಂದು ಕಡವಿನ ನಿಯಮವನ್ನು ಮೇಲಿನವರು ತೆಗೆದುಹಾಕಿದಾಗ, ಅದರ ಕನ್ನಡ ಪ್ರಕಟಣೆಗೆ ಈ ಪದವನ್ನು ಅವರು ಹುಡುಕಿ ತಂದಿದ್ದರು. ‘ರದ್ದು’ ಎಂದು ಯಾವ ಗುಮಾಸ್ತನೂ ಬರೆಯುತ್ತಾನೆ. ಆ ಶಬ್ದ ಕಿವಿಗೆ ಬಿದ್ದರೆ ಕೆಂಪು ಸೀಸದ ಕಡ್ಡಿಯಿಂದ ಯಾರೋ ಬರ್‍ರೆಂದು ಗೆರೆ ಎಳೆದ ಹಾಗಾಗುತ್ತದೆ. ‘ನಿರಸನ’ ಎಂದರೆ ಎತ್ತಿ ಹೊರಗೆ ಹಾಕುವುದು, ಆದರೆ ಹೇಳುವಾಗ ಉಸಿರನ್ನು ಮೆಲ್ಲಗೆ ಬಿಟ್ಟ ಹಾಗೆ. ಆ ದಿನ ಮೇಲಧಿಕಾರಿಗಳು ಕನ್ನಡಕ ಏರಿಸಿ, “ಒಳ್ಳೆಯ ಪದ ತಂದಿರಿ” ಎಂದಿದ್ದರು. ಇಪ್ಪತ್ತೊಂಬತ್ತು ವರ್ಷಗಳಲ್ಲಿ ಅವರಿಗೆ ಸಿಕ್ಕ ಹೊಗಳಿಕೆ ಅದೊಂದೇ.

“ಅಕ್ಕ, ನಾನು ನಾಳೆ ಫರಂಗಿಪೇಟೆಗೆ ಹೋಗಿ ಬರ್ತೇನೆ,” ಎಂದರು. “ಆ ವಾಕ್ಯ ಹೇಗಿತ್ತು ಅಂತ ನೋಡ್ಬೇಕು. ಕಡವಿನ ಗೋಡೆಗೆ ಅಂಟಿಸಿದ್ರು.”

“ನೀನು ಬರೆದದ್ದರ ಪ್ರತಿ ಎಲ್ಲ ಟ್ರಂಕಿನಲ್ಲೇ ಉಂಟಲ್ಲ?”

“ಉಂಟು. ಅದನ್ನು ಯಾರು ಹುಡುಕುವುದು?”

ಮನೋರಮಕ್ಕ ನಕ್ಕರು. ಟ್ರಂಕು ಇದ್ದದ್ದು ತಮ್ಮನ ಮಂಚದ ಕೆಳಗೇ. ತನ್ನ ಪದ ಊರಿನ ಗೋಡೆಯ ಮೇಲೆ ಹೇಗೆ ಬಾಳುತ್ತಿದೆ ಎಂದು ನೋಡುವ ಆಸೆ ತಮ್ಮನಿಗೆ ಎಂದು ಅವರಿಗೆ ತಿಳಿಯದ್ದೇನಲ್ಲ. “ಹೊತ್ತು ಕಂತುವ ಮೊದಲು ಬಾ, ಊಟ ಉಂಟು,” ಎಂದಷ್ಟೇ ಹೇಳಿದರು.

ಮೊದಲ ಬಸ್ಸಿನಲ್ಲಿ ಸಿದ್ದಕಟ್ಟೆಯ ದಾರಿಯಾಗಿ ಬಂಟ್ವಾಳಕ್ಕೆ ಬಂದು, ಜೋಡುಮಾರ್ಗದಲ್ಲಿ ಮಂಗಳೂರಿನ ಬಸ್ಸು ಹಿಡಿದು ವೃಷಭರಾಜರು ಫರಂಗಿಪೇಟೆಯಲ್ಲಿ ಇಳಿದರು. ಮಾಗಿಯ ದಿನಗಳು. ಎಂಟು ಗಂಟೆಯಾದರೂ ನದಿಯ ಮೇಲಿನ ಮಂಜು ಎದ್ದಿರಲಿಲ್ಲ. ರಸ್ತೆ ಬಿಟ್ಟು ತೆಂಗಿನ ತೋಟಗಳ ನಡುವಿನ ಕಾಲುದಾರಿಯಲ್ಲಿ ಇಳಿಯುತ್ತ ಹೋದ ಹಾಗೆ ಬಸ್ಸುಗಳ ಸದ್ದು ಹಿಂದೆ ಉಳಿಯಿತು. ಎಲ್ಲಿ ಮಣ್ಣು ಮುಗಿದು ಎಲ್ಲಿ ನೀರು ಶುರುವಾಗುತ್ತದೆಂದು ಕಾಣುತ್ತಿರಲಿಲ್ಲ. ಮಂಜಿನೊಳಗೆ ಎಲ್ಲೋ, ನದಿಯ ಮರಳು ತುಂಬುವ ಹೊಯಿಗೆ ದೋಣಿಯವನೊಬ್ಬ ಕೆಮ್ಮಿದ. ಆ ಕೆಮ್ಮು ನೀರಿನ ಮೇಲೆ ಜಾರಿಕೊಂಡು ಬಹಳ ದೂರ ಹೋಯಿತು. ತಾನು ಒಂದು ಕಾಗದದ ಮೇಲೆ ನಡೆಯುತ್ತಿದ್ದೇನೆ, ಇನ್ನೂ ಯಾರೂ ಏನನ್ನೂ ಬರೆಯದ ಕಾಗದ ಎಂದು ಅವರಿಗೆ ಅನ್ನಿಸಿತು.

ಕಡವಿನ ಕಟ್ಟಡದ ಮುರಕಲ್ಲಿನ ಗೋಡೆ ಇತ್ತು, ಮೇಲೆ ಹಂಚಿನ ಮಾಡು ಇರಲಿಲ್ಲ. ಗೋಡೆಯ ಮೇಲೆ ಕಾಗದವೂ ಇರಲಿಲ್ಲ. ಹಿಟ್ಟಿನ ಅಂಟಿನ ಒಂದು ಚೌಕ ಕಲೆ ಮಾತ್ರ ಉಳಿದಿತ್ತು. ಪಕ್ಕದಲ್ಲಿ, ದಡದ ಮೇಲೆ ಒಂದು ದೋಣಿ ಬೋರಲಾಗಿ ಮಲಗಿತ್ತು. ಅದರ ಬೆನ್ನ ಮೇಲೆ ಯಾರೋ ಮೆಣಸು ಒಣಗಲು ಹರಡಿದ್ದರು.

“ಎಂತ ಹುಡುಕ್ತಾ ಇದ್ದೀರಿ, ಧಣಿ?”

ಮೂವತ್ತರ ಆಸುಪಾಸಿನ ಒಬ್ಬ ಬ್ಯಾರಿ ದಾರಿಯ ಮೇಲೆ ನಿಂತಿದ್ದ. ಹೆಸರು ಅಬ್ಬಾಸ್, ಮೇಲೆ ರಸ್ತೆಯ ಬದಿಯಲ್ಲಿ ಅವನ ಚಾದ ಅಂಗಡಿ. ವೃಷಭರಾಜರು ತಾವು ಯಾರೆಂದು ಹೇಳಿ, ಹನ್ನೊಂದು ವರ್ಷದ ಹಿಂದಿನ ನೋಟೀಸಿನ ವಿಷಯ ಕೇಳಿದರು.

“ಕಾಗದ ಒಂದು ಮಳೆಗಾಲವೂ ಬಾಳಲಿಲ್ಲ ಧಣಿ. ಆದರೆ ನನಗೆ ಬಾಯಿಪಾಠ ಉಂಟು,” ಎಂದು ಅಬ್ಬಾಸ್ ಕೈಕಟ್ಟಿ ನಿಂತು, ಶಾಲೆಯಲ್ಲಿ ಪದ್ಯ ಒಪ್ಪಿಸುವವನ ಹಾಗೆ ಹೇಳಿದ: “ಸದರಿ ಕಡವಿನ ಸಂಬಂಧವಾದ ನಿಯಮವನ್ನು ಈ ಮೂಲಕ ನಿರಶನಗೊಳಿಸಲಾಗಿದೆ.”

ವೃಷಭರಾಜರ ಎದೆ ತುಂಬಿತು, ಮರುಕ್ಷಣ ಏನೋ ತಪ್ಪಿದ ಹಾಗಾಯಿತು. “ಏನೆಂದೆ? ಕೊನೆಗೆ?”

“ನಿರಶನ. ಉಪವಾಸ ಅಲ್ವಾ? ನೋಟೀಸು ಅಂಟಿಸ್ಲಿಕ್ಕೆ ಬಂದ ಜವಾನ ತುಕ್ರಪ್ಪ ಗಟ್ಟಿಯಾಗಿ ಓದಿ ಹೇಳಿದ್ದು. ಆಗ ಪೇಪರಿನಲ್ಲಿ ದಿನಾ ಬರ್ತಿತ್ತಲ್ಲ, ಯಾರ್‍ಯಾರೋ ಲೀಡರು ನಿರಶನ ಕೂತರು ಅಂತ. ನಾವು ಕೇಳಿದ್ದಕ್ಕೆ ತುಕ್ರಪ್ಪ, ‘ಕಾನೂನನ್ನು ಉಪವಾಸ ಕೂರಿಸಿದ್ದಾರೆ’ ಅಂದ. ಮಾಮಿ ಅದನ್ನು ನನ್ನಿಂದ ಹತ್ತು ಸಲ ಹೇಳಿಸಿ ಕೇಳಿದ್ರು. ಹಾಗೆ ಬಾಯಿಪಾಠ ಆಯ್ತು.”

ಮಂಜು ಇನ್ನಷ್ಟು ಹತ್ತಿರ ಬಂದ ಹಾಗಾಯಿತು. ನಿರಸನ, ನಿರಶನ. ಒಂದು ಅಕ್ಷರ. ನಾಲಗೆ ಹಲ್ಲಿನಿಂದ ಕೂದಲೆಳೆಯಷ್ಟು ಹಿಂದೆ ಸರಿದದ್ದಕ್ಕೆ ಒಂದು ಕಾನೂನು ಸಾಯುವುದನ್ನು ಬಿಟ್ಟು ಹಸಿದು ಕುಳಿತಿತ್ತು.

“ಮಾಮಿ ಯಾರು?” ಎಂದು ಕೇಳಿದರು.

ಮಾಮಿ ಎಂದರೆ ಆಯಿಶಮ್ಮ, ಅಬ್ಬಾಸನ ಸೋದರಮಾವ ಇದಿನಬ್ಬನ ಹೆಂಡತಿ. ಬೋರಲು ಬಿದ್ದ ದೋಣಿಯ ಆಚೆ ಅವರ ಮನೆ. ಅರವತ್ತು ದಾಟಿದ ಹೆಂಗಸು, ಮೊಣಕಾಲು ನೋವು, ಆದರೆ ಕಣ್ಣು ಮೀನು ಹೊಂಚುವ ಹಕ್ಕಿಯದು. ಕಚೇರಿಯವರೆಂದು ಕೇಳಿ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು ಜಗಲಿಯಲ್ಲಿ ಮಣೆ ಹಾಕಿದರು. ತುಳುವಿನಲ್ಲೇ ಮಾತು ನಡೆಯಿತು.

“ಎದ್ದಿತಾ ಧಣಿ, ಅದು?” ಎಂದರು.

“ಯಾವುದು?”

“ಕಾನೂನು. ಉಪವಾಸ ಬಿಟ್ಟು ಎದ್ದಿತಾ ಅಂತ ಕೇಳಿದೆ.”

ವೃಷಭರಾಜರು ಅಬ್ಬಾಸನ ಕಡೆ ನೋಡಿದರು. ಆಯಿಶಮ್ಮ ಕಥೆಯನ್ನು ಮೊದಲಿನಿಂದ ಹೇಳಿದರು. ಆಗ ಕಡವಿನಲ್ಲಿ ಗುತ್ತಿಗೆದಾರನ ದೋಣಿಯೊಂದೇ ಜನ ದಾಟಿಸಬೇಕು, ಬೇರೆಯವರು ದಾಟಿಸಬಾರದು ಎಂಬುದು ನಿಯಮ. ಇದಿನಬ್ಬ ತೆಂಗಿನಕಾಯಿ ಸಾಗಿಸುತ್ತ ಇದ್ದವ. ಒಂದು ವೈಶಾಖದಲ್ಲಿ ಗುತ್ತಿಗೆಯ ದೋಣಿಯನ್ನು ಮೇಲೆ ಎಳೆದು ಗೇರೆಣ್ಣೆ ಹಚ್ಚಿ ಒಣಗಲು ಬಿಟ್ಟಿದ್ದರು. ಆಚೆ ದಡದಲ್ಲಿ ಬಂಟರ ಮನೆಯ ಮದುವೆ. ಅಣ್ಣು ಶೇರಿಗಾರರ ಓಲಗದವರು ಐದು ಜನ ಈಚೆ ದಡಕ್ಕೆ ಬಂದು ನಿಂತಿದ್ದರು, ಮುಹೂರ್ತಕ್ಕೆ ಗಳಿಗೆ ಉಳಿದಿರಲಿಲ್ಲ. ಇದಿನಬ್ಬ ಅವರನ್ನು ಹತ್ತಿಸಿಕೊಂಡ.

“ಸುಮ್ಮನೆ ಕೂತು ದಾಟಿದ್ದರೆ ಯಾರಿಗೂ ಗೊತ್ತಾಗ್ತಿರಲಿಲ್ಲ,” ಎಂದರು ಆಯಿಶಮ್ಮ. “ನಡುನೀರಿಗೆ ಹೋದಾಗ ಅಣ್ಣು ಶೇರಿಗಾರ್ರಿಗೆ ಎಂತ ಅನ್ನಿಸಿತೋ, ವಾದ್ಯ ತೆಗೆದು ಊದಿಯೇ ಬಿಟ್ಟರು. ನಮ್ಮ ಮನೆಯವರು ಹುಟ್ಟು ಹಾಕುವುದನ್ನು ನಿಲ್ಲಿಸಿದರು. ಈಚೆ ದಡ, ಆಚೆ ದಡ, ಎಲ್ಲರೂ ಕೆಲಸ ಬಿಟ್ಟು ಬಂದು ನಿಂತರು. ನಾನು ಇಲ್ಲಿ ಇದೇ ಕಂಬ ಹಿಡಿದು ನಿಂತಿದ್ದೆ. ದೋಣಿ ತಾನೇ ತಾನಾಗಿ ನೀರಿನಲ್ಲಿ ಒಂದು ಸುತ್ತು ತಿರುಗಿತು. ಇಡೀ ಹೊಳೆ ಕೇಳಿತು ಧಣಿ. ಗುತ್ತಿಗೆದಾರನಿಗೂ ಕೇಳಿತು.”

ದೂರು ಹೋಯಿತು. ಇದಿನಬ್ಬನಿಂದ ಮುಚ್ಚಳಿಕೆ ಬರೆಸಿಕೊಂಡರು: ಈ ನಿಯಮ ಇರುವ ತನಕ ತಾನಾಗಲಿ ತನ್ನ ಮನೆಯವರಾಗಲಿ ಕಡವಿನಲ್ಲಿ ಜನರನ್ನು ದಾಟಿಸುವುದಿಲ್ಲ ಎಂದು. ಅವನು ಹೆಬ್ಬೆಟ್ಟು ಒತ್ತಿದ. ಎರಡು ವರ್ಷಕ್ಕೆ ಅವನೂ ತೀರಿಕೊಂಡ, ಗುತ್ತಿಗೆ ಹಿಡಿಯುವವರೂ ಇಲ್ಲದೆ ಹೋದರು, ಆಮೇಲೆ ನೋಟೀಸು ಬಂತು.

“ಆಗಲೇ ದೋಣಿ ಇಳಿಸಬಹುದಿತ್ತಲ್ಲ, ಆಯಿಶಮ್ಮ?”

“ಹೇಗೆ ಇಳಿಸುವುದು? ನಾವೂ ಉಪವಾಸ ಹಿಡಿಯುವವರೇ. ಹಿಡಿದವರು ಒಂದಲ್ಲ ಒಂದು ಹೊತ್ತಿಗೆ ಉಣ್ಣಲೇಬೇಕು. ಕಾನೂನು ಎದ್ದು ಬಂದಾಗ ಅದಕ್ಕೆ ಎಷ್ಟು ಹಸಿವಿರಬಹುದು! ಮೊದಲು ಯಾರನ್ನು ತಿಂದೀತು? ಹೆಬ್ಬೆಟ್ಟು ಒತ್ತಿದವನ ಮನೆಯವರನ್ನೇ ಅಲ್ವಾ?”

ಆಚೆ ದಡದಲ್ಲಿ ಅವರ ತಂಗಿಯ ಮನೆ. ಬಿಸಿಲು ಬಿದ್ದಾಗ ತಂಗಿ ಬಟ್ಟೆ ಒಣಹಾಕುವುದು ಇಲ್ಲಿಂದ ಕಾಣುತ್ತದೆ. ಪಾಣೆಮಂಗಳೂರಿನ ಸಂಕದ ಮೇಲೆ ಹೊಳೆ ದಾಟಿ ಸುತ್ತಿ ಹೋದರೆ ಇಡೀ ದಿನದ ದಾರಿ. ಮೊಣಕಾಲು ಕೈಕೊಟ್ಟ ಮೇಲೆ ಅದೂ ನಿಂತಿತ್ತು. ಹೊಯಿಗೆ ದೋಣಿಯವರು ಕರೆದರೂ ಆಯಿಶಮ್ಮ ಹತ್ತಿದವರಲ್ಲ. ಜನ ದಾಟಿಸಬಾರದು ಎಂದರೆ ನಾನೂ ಜನವೇ ಎಂಬುದು ಅವರ ಮಾತು.

ವೃಷಭರಾಜರು ಮಣೆಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡರು. ಆ ಪದ ತಂದವನು ತಾನೇ ಎಂದು ಹೇಳಬೇಕಿತ್ತು. ಕೊನೆಗೆ ಹೇಳಿದರು. “ತಪ್ಪು ತುಕ್ರಪ್ಪನದಲ್ಲ. ಆ ಕಾಗದ ಬರೆದದ್ದು ನಾನು. ಅದು ಉಪವಾಸ ಅಲ್ಲ. ಬೇರೆ ಮಾತು, ಕೇಳಲಿಕ್ಕೆ ಹಾಗೆ ಉಂಟು.”

“ಮತ್ತೆ ಎಂತ?”

ಎತ್ತಿ ಹೊರಗೆ ಹಾಕುವುದು, ಇಲ್ಲವಾಗಿಸುವುದು ಎಂದು ಅವರು ನಾಲ್ಕಾರು ಬಗೆಯಲ್ಲಿ ಹೇಳಿದರು. ಆಯಿಶಮ್ಮನ ಮುಖದಲ್ಲಿ ಏನೂ ಬದಲಾಗಲಿಲ್ಲ. ಆಗ ವೃಷಭರಾಜರು, “ನಮ್ಮ ಜೈನರಲ್ಲಿ ಒಂದು ಉಪವಾಸ ಉಂಟು,” ಎಂದರು. “ಹಿಡಿದವರು ಮತ್ತೆ ಉಣ್ಣುವುದೇ ಇಲ್ಲ. ಹಾಗೇ ಶಾಂತವಾಗಿ ಹೋಗಿಬಿಡ್ತಾರೆ. ಕಾನೂನು ಅಂಥ ಉಪವಾಸ ಕೂತದ್ದು ಅಂತ ತಿಳ್ಕೊಳ್ಳಿ.”

“ಹಾಗಾದರೆ ಸತ್ತಿತು ಅಂತ ಹೇಳಿ.”

“ಹೌದು. ಸತ್ತಿತು.”

“ಯಾವಾಗ?”

“ಹನ್ನೊಂದು ವರ್ಷ ಆಯ್ತು.”

ಆಯಿಶಮ್ಮ ನದಿಯ ಕಡೆ ನೋಡಿದರು. ಮಂಜು ಕರಗಿ ನಡುನೀರು ಕಾಣುತ್ತಿತ್ತು, ಆಚೆ ದಡ ಇನ್ನೂ ಕಾಣುತ್ತಿರಲಿಲ್ಲ. “ನೀವು ಒಳ್ಳೆಯವರು,” ಎಂದರು. “ಆದರೆ ಇವರು ಹೆಬ್ಬೆಟ್ಟು ಒತ್ತಿದ್ದು ಕಾಗದಕ್ಕೆ. ಬಾಯಿ ಮಾತಿನಲ್ಲಿ ಅದು ಹೇಗೆ ಬಿಡ್ತದೆ? ಕಾಗದ ತನ್ನಿ ಧಣಿ. ತಂದು ಓದಿ. ಆಮೇಲೆ ನೋಡುವ.”

ಆ ಸಂಜೆ ವೃಷಭರಾಜರು ಹೊತ್ತು ಕಂತುವ ಮೊದಲೇ ಮನೆ ಸೇರಿದರೂ ಅನ್ನ ಸೇರಲಿಲ್ಲ. ಮರುದಿನ ಬೆಳಗ್ಗೆ ಟ್ರಂಕನ್ನು ಅಂಗಳದ ಬಿಸಿಲಿಗೆ ಎಳೆದು ತೆರೆದರು. ಇಪ್ಪತ್ತೊಂಬತ್ತು ವರ್ಷಗಳ ಹುಕುಂಗಳು ಇಸವಿವಾರು ಕಟ್ಟಿಕೊಂಡು ಮಲಗಿದ್ದವು. ಅವನ್ನು ಬಿಚ್ಚುತ್ತ ಹೋದ ಹಾಗೆ, ಇವುಗಳಲ್ಲಿ ಎಷ್ಟು ಎಲ್ಲೆಲ್ಲಿ ಹೇಗೆ ಕೇಳಿಸಿರಬಹುದು, ನೆರಿಯದ ಕಾಡಂಚಿನಲ್ಲಿ, ಗುರುವಾಯನಕೆರೆಯ ಸಂತೆಯಲ್ಲಿ, ಯಾರ್‍ಯಾರು ಯಾವ್ಯಾವ ದೋಣಿ ಬೋರಲು ಹಾಕಿ ಕುಳಿತಿರಬಹುದು ಎಂದು ಯೋಚನೆ ಹರಿಯಿತು. ಕಾಗದಗಳ ನಡುವಿನಿಂದ ಸಣ್ಣ ಬೆಳ್ಳಿಮೀನಿನಂಥ ಹುಳಗಳು ಓಡಿದವು. ಅಕ್ಷರಗಳೇ ಎದ್ದು ಓಡುತ್ತಿವೆಯೋ ಎಂದು ಒಂದು ಕ್ಷಣ ಅನ್ನಿಸಿತು.

ಕಡವಿನ ಪ್ರಕಟಣೆ ಸಿಕ್ಕಿತು. ಅಬ್ಬಾಸ್ ಹೇಳಿದ ವಾಕ್ಯ ಅಲ್ಲಿತ್ತು, ‘ಸ’ಕಾರ ಸ್ಪಷ್ಟವಾಗಿತ್ತು. ಆದರೆ ಅದರ ಕೆಳಗೆ ಇನ್ನೊಂದು ವಾಕ್ಯವಿತ್ತು, ಅದನ್ನು ಅವರು ಮರೆತೇಬಿಟ್ಟಿದ್ದರು: ‘ಸದರಿ ನಿರಸನವು, ಆ ನಿಯಮದ ಮೇರೆಗೆ ಹಿಂದೆ ನಡೆದ ಯಾವುದೇ ಕ್ರಮಕ್ಕೆ ಬಾಧಕವಾಗತಕ್ಕದ್ದಲ್ಲ.’ ಅಂದರೆ ಇನ್ನು ಮುಂದಕ್ಕೆ ಮಾತ್ರ ನಿಯಮವಿಲ್ಲ. ಅದು ಇದ್ದಾಗ ಆದದ್ದು ಆದ ಹಾಗೆಯೇ ಇರುತ್ತದೆ. ಇದಿನಬ್ಬನ ತಪ್ಪು ತಪ್ಪೇ.

ಮನೋರಮಕ್ಕ ಅಂಗಳದಲ್ಲಿ ಹಪ್ಪಳ ಒಣಹಾಕುತ್ತಿದ್ದರು. “ಅಕ್ಕ, ಈ ಎರಡನೆಯ ವಾಕ್ಯ ಓದದಿದ್ದರೆ ಆಗುವುದಿಲ್ಲವಾ?” ಎಂದು ಕೇಳಿದರು ವೃಷಭರಾಜರು. “ಅವರಿಗೆ ಬೇಕಾದದ್ದು ದೋಣಿ ಇಳಿಸಲಿಕ್ಕೆ ಒಂದು ಕಾಗದ. ಅದಕ್ಕೆ ಮೊದಲನೆಯದು ಸಾಕು. ಎರಡನೆಯದು ಓದಿದರೆ ಆ ಹೆಂಗಸಿನ ಮನಸ್ಸು ನೋಯ್ತದೆ.”

ಮನೋರಮಕ್ಕ ಓದಿದವರಲ್ಲ, ಆದರೆ ನಲವತ್ತು ವರ್ಷ ಬಸದಿಯಲ್ಲಿ ಪುರಾಣ ಕೇಳಿದವರು. “ಕರ್ಮ ಅಡಗುವುದು ಬೇರೆ, ಕ್ಷಯವಾಗುವುದು ಬೇರೆ ಅಂತ ಸ್ವಾಮಿಗಳು ಹೇಳುವುದಿಲ್ಲವಾ?” ಎಂದರು. “ಕೊಡದ ನೀರಿನಲ್ಲಿ ಕೆಸರು ತಳಕ್ಕೆ ಕೂತಾಗ ಮೇಲೆ ತಿಳಿಯಾಗಿ ಕಾಣ್ತದೆ. ಕೊಡ ಅಲುಗಿದರೆ ಮತ್ತೆ ಕೆಸರು. ನೀನು ಒಂದು ವಾಕ್ಯ ಓದಿ ಒಂದನ್ನು ಮುಚ್ಚಿಟ್ಟರೆ ಅದು ಅಡಗಿಸಿದ ಹಾಗೆ. ಯಾರಾದರೂ ಓದು ಬಲ್ಲವರು ಒಂದು ದಿನ ಆ ಕಾಗದ ನೋಡುವುದಿಲ್ಲವಾ?”

“ನೋಡಿಯಾರು.”

“ಮತ್ತೆ? ಒಂದು ಸಲ ಅವರಿಗೆ ಸರಿಯಾಗಿ ತಿಳಿಯದ ಹಾಗೆ ಹೇಳಿದ್ದಿ. ಎರಡನೆಯ ಸಲ ಬೇಡ, ವೃಷಭ.”

ಎಂಟು ದಿನ ಬಿಟ್ಟು ಅವರು ಮತ್ತೆ ಕಡವಿಗೆ ಹೋದರು. ಆಯಿಶಮ್ಮ ಅಬ್ಬಾಸನನ್ನೂ ಕರೆಸಿಕೊಂಡರು. ವೃಷಭರಾಜರು ಜಗಲಿಯಲ್ಲಿ ನಿಂತು ಕಾಗದ ಬಿಡಿಸಿದರು. ಮೊದಲನೆಯ ವಾಕ್ಯವನ್ನು ಕನ್ನಡದಲ್ಲಿ ಓದಿ, ತುಳುವಿನಲ್ಲಿ ಹೇಳಿದರು: ಕಡವಿನ ನಿಯಮ ತೆಗೆದಿದ್ದಾರೆ, ಇನ್ನು ಅದು ಇಲ್ಲ, ಎದ್ದು ಬರುವುದೂ ಇಲ್ಲ. ಅಬ್ಬಾಸ್ ಮಾಮಿಯ ಮುಖ ನೋಡಿ ನಕ್ಕ. ಅಷ್ಟಕ್ಕೇ ನಿಲ್ಲಿಸಿದ್ದರೆ ಎಲ್ಲರೂ ಖುಷಿಯಲ್ಲಿ ಏಳುತ್ತಿದ್ದರು. ವೃಷಭರಾಜರು ಕೆಳಗಿನ ವಾಕ್ಯವನ್ನೂ ಓದಿದರು.

“ಅದು ಎಂತ?” ಎಂದರು ಆಯಿಶಮ್ಮ.

“ನಿಯಮ ತೆಗೆದದ್ದು ಆ ದಿನದಿಂದ ಮುಂದಕ್ಕೆ. ಅದಕ್ಕೆ ಮೊದಲು ಆದದ್ದು ಯಾವುದೂ ಅಳಿಸಿಹೋಗುವುದಿಲ್ಲ.”

“ಇವರು ಓಲಗದವರನ್ನು ದಾಟಿಸಿದ್ದು?”

“ಅದು… ಆಗ ನಿಯಮ ಇತ್ತು, ಆಯಿಶಮ್ಮ. ಕಾಗದದ ಪ್ರಕಾರ ಅದು ತಪ್ಪೇ ಆಗಿ ಉಳೀತದೆ.”

ಅಬ್ಬಾಸನಿಗೆ ಸಿಟ್ಟು ಬಂತು. “ಅದನ್ನು ಈಗ ಹೇಳ್ಬೇಕಿತ್ತಾ ಧಣಿ? ಸತ್ತವರ ತಲೆಯ ಮೇಲೆ…” ಎಂದವನನ್ನು ಆಯಿಶಮ್ಮ ಕೈಯೆತ್ತಿ ತಡೆದರು. ಅವರು ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದರು. ಹೊಳೆಯ ಮೇಲಿಂದ ಗಾಳಿ ಬಂದು ವೃಷಭರಾಜರ ಕೈಯಲ್ಲಿ ಕಾಗದ ಪಟಪಟ ಎಂದಿತು.

“ಅಂದರೆ ಇವರು ದಾಟಿಸಿದ್ದು ಉಂಟು ಅಂತ ಸರ್ಕಾರವೇ ಹೇಳ್ತದೆ,” ಎಂದರು ಆಯಿಶಮ್ಮ, ಕಣ್ಣು ಮುಚ್ಚಿಕೊಂಡೇ.

“ಹೌದು.”

“ಅಳಿಸಲಿಕ್ಕೆ ಆಗುವುದಿಲ್ಲ.”

“ಇಲ್ಲ.”

“ಒಳ್ಳೆಯದಾಯ್ತು ಧಣಿ.” ಅವರು ಕಣ್ಣು ತೆರೆದರು. ಕಣ್ಣಲ್ಲಿ ನೀರಿತ್ತು, ಆದರೆ ಅದು ದುಃಖದ್ದಾಗಿ ಕಾಣಲಿಲ್ಲ. “ನನಗೆ ಹೆದರಿಕೆಯಾಗಿತ್ತು. ಕಾನೂನು ಇಲ್ಲವೇ ಇಲ್ಲ ಅಂತ ಮಾಡಿದರೆ ಆ ದಿನವನ್ನೂ ಇಲ್ಲ ಅಂತ ಮಾಡ್ತಾರೋ ಏನೋ ಅಂತ. ಬದುಕಿಡೀ ಕಾಯಿ ಸಾಗಿಸಿದ ಮನುಷ್ಯ. ಮಾಡಿದ ದೊಡ್ಡ ಕೆಲಸ ಅಂದರೆ ಅದೊಂದೇ. ತಪ್ಪು ಅಂತ ಬರೆದುಕೊಳ್ಳಲಿ, ಇರಲಿ. ಓಲಗ ಊದಿದ್ದೂ ಇರಲಿ.”

ಅಬ್ಬಾಸ್ ಕೆಳಗಿಳಿದು ಹೋಗಿ, ದೋಣಿಯ ಬೆನ್ನಿನ ಮೇಲಿನ ಮೆಣಸನ್ನು ಗೋಣಿಗೆ ತುಂಬತೊಡಗಿದ. ವೃಷಭರಾಜರು ಕಾಗದವನ್ನು ಆಯಿಶಮ್ಮನ ಕೈಗೆ ಕೊಟ್ಟರು. ಓದಲು ಬಾರದ ಆ ಕೈ ಎರಡು ವಾಕ್ಯಗಳನ್ನೂ ಬೆರಳಿನಿಂದ ಮುಟ್ಟಿ ನೋಡಿ, ಮಡಚಿ ಒಳಗೆ ಕೊಂಡುಹೋಗಿ ಇಟ್ಟಿತು.

ಬೆಂಗಳೂರಿನ ಪಟ್ಟಿಯ ನಲವತ್ತನೆಯ ಸಾಲನ್ನು ಅವರು ಆ ವಾರ ತುಂಬಿಸಿದರು. ‘ನಿರಸನಗೊಳಿಸು’ ಎಂದು ಬರೆದು, ಪಕ್ಕದಲ್ಲಿ ‘ತೆಗೆದುಹಾಕು’ ಎಂದೂ ಬರೆದರು. ಅರ್ಥ: ಜಾರಿಯಲ್ಲಿರುವ ನಿಯಮವನ್ನು ಅಧಿಕಾರವುಳ್ಳವರು ಒಂದು ದಿನದಿಂದ ಮುಂದಕ್ಕೆ ಇಲ್ಲವಾಗಿಸುವುದು, ಹಿಂದೆ ನಡೆದದ್ದು ಇದರಿಂದ ಇಲ್ಲವಾಗುವುದಿಲ್ಲ. ಪ್ರಯೋಗದ ಜಾಗದಲ್ಲಿ ಕಡವಿನ ಎರಡೂ ವಾಕ್ಯಗಳನ್ನು ಬರೆದು, ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸೂಚನೆ ಸೇರಿಸಿದರು: ಈ ಪದವನ್ನು ಜನರೆದುರು ಓದುವಾಗ ಕೂಡಲೇ ಆಡುಮಾತಿನಲ್ಲೂ ಹೇಳತಕ್ಕದ್ದು, ಇಲ್ಲವಾದರೆ ಉಪವಾಸವೆಂದು ತಿಳಿಯುವ ಸಂಭವವಿದೆ. ಮೂರು ವಾರಗಳಿಗೆ ಉತ್ತರ ಬಂತು. ಪದವನ್ನು ಸಮಿತಿ ಸ್ವೀಕರಿಸಿತ್ತು. ‘ತೆಗೆದುಹಾಕು’ ಎಂಬುದು ಗ್ರಾಮ್ಯವೆಂದು ಬಿಟ್ಟಿತ್ತು. ಸೂಚನೆ ಅರ್ಥವಾಗಲಿಲ್ಲವೆಂದು ಬರೆದಿದ್ದರು. ಹಿಂದಾಗಿದ್ದರೆ ವೃಷಭರಾಜರು ನಾಲ್ಕು ಪುಟಗಳ ವಿವರಣೆ ಕಳಿಸುತ್ತಿದ್ದರು. ಈಗ ಕಾಗದವನ್ನು ಅಕ್ಕನಿಗೆ ಓದಿ ಹೇಳಿ, ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ದೋಣಿ ಸಿದ್ಧವಾಗಲು ಮತ್ತೂ ಒಂದು ತಿಂಗಳು ಹಿಡಿಯಿತು. ಎರಡು ಹಲಗೆ ಗೆದ್ದಲು ತಿಂದಿತ್ತು. ಬದಲಿಸಿ, ಸಂದುಗಳಿಗೆ ನಾರು ತುರುಕಿ, ಗೇರೆಣ್ಣೆ ಹಚ್ಚಿ, ಒಣಗಿಸಿ ನೀರಿಗಿಳಿಸಿದ ದಿನ ಅಬ್ಬಾಸ್ ಒಂದು ಕಾರ್ಡು ಬರೆಸಿ ಹಾಕಿದ್ದ: ಮೊದಲ ಸಲ ದಾಟುವಾಗ ಧಣಿಗಳು ಇರಲೇಬೇಕಂತೆ, ಮಾಮಿ ಹೇಳಿದ್ದಾರೆ.

ಚಳಿ ಮುಗಿದು ಬಿಸಿಲು ಏರತೊಡಗಿದ್ದ ಮಾಯಿ ತಿಂಗಳ ಒಂದು ಬೆಳಗ್ಗೆ ವೃಷಭರಾಜರು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ದೋಣಿ ಹತ್ತಿದರು. ಎದುರಿನ ಹಲಗೆಯಲ್ಲಿ ಆಯಿಶಮ್ಮ ತಂಗಿಗೆಂದು ಮೆಣಸಿನ ಗಂಟು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಅಬ್ಬಾಸ್ ಹುಟ್ಟು ಹಾಕಿದ. ದಡ ಸದ್ದಿಲ್ಲದೆ ಹಿಂದೆ ಸರಿಯಿತು. ನೀರು ತಿಳಿಯಾಗಿತ್ತು. ಕೆಳಗೆ ಹೊಯಿಗೆಯ ಮೇಲೆ ದೋಣಿಯ ನೆರಳು ಇನ್ನೊಂದು ದೋಣಿಯ ಹಾಗೆ ತೇಲುತ್ತ ಬರುತ್ತಿತ್ತು, ಅದರಲ್ಲೂ ಮೂವರು ಕುಳಿತಿದ್ದರು. ಬಾಯಲ್ಲಿ ಯಾವ ಪದವೂ ಇಲ್ಲವೆಂಬುದು ವೃಷಭರಾಜರಿಗೆ ನಡುನೀರಿಗೆ ಬಂದಾಗ ತಿಳಿಯಿತು.

ಅಲ್ಲಿ ಯಾರೂ ಹೇಳದೆಯೇ ಅಬ್ಬಾಸ್ ಹುಟ್ಟು ಎತ್ತಿ ಹಿಡಿದ. ದೋಣಿ ಸ್ವಲ್ಪ ಓರೆಯಾಯಿತು. ಆಯಿಶಮ್ಮ ತಲೆಯನ್ನು ಒಂದು ಬದಿಗೆ ವಾಲಿಸಿ ಕುಳಿತಿದ್ದರು. ಹಲಗೆಗೆ ನೀರು ತಟ್ಟುವ ಸದ್ದು ಬಿಟ್ಟರೆ ವೃಷಭರಾಜರಿಗೆ ಏನೂ ಕೇಳಿಸಲಿಲ್ಲ.

“ಹೋಗುವ,” ಎಂದರು ಆಯಿಶಮ್ಮ.

ಆಚೆ ದಡದಲ್ಲಿ ತಂಗಿ ಮೊಣಕಾಲ ನೀರಿಗೇ ಇಳಿದು ಬಂದಿದ್ದಳು. ಅಕ್ಕತಂಗಿಯರು ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ಜೋರಾಗಿ ಬ್ಯಾರಿ ಮಾತಿನಲ್ಲಿ ಜಗಳವಾಡುವವರ ಹಾಗೆ ಮಾತಾಡುತ್ತ ಏರು ಹತ್ತಿ ಹೋದರು. ಅಬ್ಬಾಸ್ ಗಂಟು ಹೊತ್ತು ಹಿಂದೆ ನಡೆದ.

ವೃಷಭರಾಜರು ಒಬ್ಬರೇ ಉಳಿದರು. ಈ ದಡದಲ್ಲಿ ಅವರಿಗೆ ಯಾವ ಕೆಲಸವೂ ಇರಲಿಲ್ಲ, ಗುರುತಿನವರೂ ಇರಲಿಲ್ಲ. ಬೇಲಿಯ ಆಚೆ ಒಬ್ಬ ಮುದುಕ ಸೌತೆ ಬಳ್ಳಿಗೆ ನೀರು ಹೊಯ್ಯುತ್ತಿದ್ದ. ಅವರನ್ನು ನೋಡಿ ಕೊಡಪಾನ ಕೆಳಗಿಟ್ಟು, “ಯಾವ ಊರಾಯ್ತು? ಯಾರನ್ನು ನೋಡ್ಲಿಕ್ಕೆ ಬಂದದ್ದು?” ಎಂದು ಕೇಳಿದ.

“ಯಾರನ್ನೂ ಇಲ್ಲ,” ಎಂದರು ವೃಷಭರಾಜರು. “ಸುಮ್ಮನೆ, ದಾಟಿ ಬಂದೆ.”

ಮುದುಕನಿಗೆ ಅದು ಸಾಕಾದ ಹಾಗೆ ಕಂಡಿತು. ಒಂದು ಎಳೆ ಸೌತೆ ಕೊಯ್ದು, ನೀರಲ್ಲಿ ತೊಳೆದು, ಬೇಲಿಯ ಮೇಲಿಂದ ಕೊಟ್ಟ. ವೃಷಭರಾಜರು ನೆರಳಿರುವ ಒಂದು ಕಲ್ಲು ನೋಡಿ ಕುಳಿತು, ಕಾಲು ಚಾಚಿ, ಅದನ್ನು ಕಚ್ಚಿ ತಿನ್ನತೊಡಗಿದರು.